ಕರುಳಿನ ಕ್ಯಾನ್ಸರ್ ಪತ್ತೆಗೆ ಯಾವ ಪರೀಕ್ಷೆ? ಕಲಬುರಗಿ ಕಡೆಯವರಿಗೆ ಒಂದು ಹೋಲಿಕೆ

ಯಾವುದೇ ಲ್ಯಾಬಿನ ರೇಟ್ ಲಿಸ್ಟ್ ನೋಡಿ, ಅದರಲ್ಲಿ ‘ಸ್ಟೂಲ್ ಆಕಲ್ಟ್ ಬ್ಲಡ್’ ಅಂತ ಒಂದು ಸಾಲು ಇರುತ್ತದೆ. ಸಂಡಾಸಿನಲ್ಲಿ ಕಣ್ಣಿಗೆ ಕಾಣದಷ್ಟು ಸ್ವಲ್ಪ ರಕ್ತ ಇದ್ದರೂ ಹಿಡಿಯುವ ಪರೀಕ್ಷೆ ಅದು. ದೊಡ್ಡ ಕರುಳಿನ ಕ್ಯಾನ್ಸರನ್ನು ಬೇಗ ಪತ್ತೆ ಮಾಡಲು ಹಲವು ದೇಶಗಳು ಇದನ್ನೇ ನೆಚ್ಚಿಕೊಂಡಿವೆ. ಜಪಾನಿನಲ್ಲಿ 1992ರಿಂದ, 40 ದಾಟಿದವರಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ನಡೆಯುತ್ತಿದೆ. ಇಂಗ್ಲೆಂಡಿನಲ್ಲಿ ಎರಡು ವರ್ಷಕ್ಕೊಮ್ಮೆ ಕಿಟ್ ಅಂಚೆಯಲ್ಲಿ ಮನೆಗೇ ಬರುತ್ತದೆ.

ನಮ್ಮಲ್ಲಿ ಹಾಗಿಲ್ಲ. 30 ದಾಟಿದವರಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಫಾರ್ಮ್ ತುಂಬಿಕೊಂಡು ಹೋಗುತ್ತಾರೆ. ಕರುಳು ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಇದಕ್ಕೆ ನಮ್ಮನ್ನು ಯಾರೂ ಕರೆಯುವುದಿಲ್ಲ. ನಾವೇ ಕೇಳಬೇಕು, ನಾವೇ ಆರಿಸಿಕೊಳ್ಳಬೇಕು. ಆರಿಸಿಕೊಳ್ಳಲು ಗೊತ್ತಿರಬೇಕಾದಷ್ಟನ್ನು ಇಲ್ಲಿ ಬರೆದಿದ್ದೇನೆ. ನಾನು ಕಲಬುರಗಿಯಲ್ಲಿ ಮೆಡಿಕಲ್ ಅಂಗಡಿ ನಡೆಸುವವನು, ಡಾಕ್ಟರ್ ಅಲ್ಲ. ನಿಮ್ಮ ಮೈ ನೋಡಿ ಹೇಳಬೇಕಾದದ್ದನ್ನು ಡಾಕ್ಟರೇ ಹೇಳಬೇಕು.

ಮೊದಲ ಪ್ರಶ್ನೆ: ರಕ್ತ ಕಂಡಿದೆಯಾ, ಕಂಡಿಲ್ಲವಾ?

ಪರೀಕ್ಷೆಗಳನ್ನು ಹೋಲಿಸುವ ಮೊದಲು ಇದೊಂದು ತೀರ್ಮಾನ ಆಗಬೇಕು. ಈ ಮಲ ಪರೀಕ್ಷೆಗಳೆಲ್ಲ ಮುಖ್ಯವಾಗಿ ಯಾವ ತೊಂದರೆಯೂ ಇಲ್ಲದ, ಆರಾಮಾಗಿ ಓಡಾಡುವ ಜನರಿಗಾಗಿ. ಸಂಡಾಸಿಗೆ ಹೋದಾಗ ಕಣ್ಣಿಗೇ ರಕ್ತ ಕಾಣುತ್ತಿದ್ದರೆ, ‘ಕಾಣದ ರಕ್ತ ಇದೆಯಾ’ ಅಂತ ಲ್ಯಾಬಿನಲ್ಲಿ ಕೇಳುವುದರಲ್ಲಿ ಅರ್ಥವಿಲ್ಲ. ನಿಮಗೆ ಬೇಕಾದದ್ದು ಡಾಕ್ಟರ ಕೈ, ಆಮೇಲೆ ಒಳಗೆ ಕ್ಯಾಮೆರಾ ಬಿಟ್ಟು ನೋಡುವ ದುರ್ಬೀನು.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನಮ್ಮ ಕಡೆ ಸಂಡಾಸಿನಲ್ಲಿ ರಕ್ತ ಬಂತು ಅಂದರೆ ಅದಕ್ಕೆ ಒಂದೇ ಉತ್ತರ: ಮೂಲವ್ಯಾಧಿ. ಪೈಲ್ಸ್ ಅನ್ನಿ, ಬವಾಸೀರ್ ಅನ್ನಿ, ಮಾತು ಅಲ್ಲಿಗೇ ಮುಗಿಯುತ್ತದೆ. ಗೋಡೆಗಳ ಮೇಲೆ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’ ಅನ್ನುವ ಪೋಸ್ಟರು. ಊರಲ್ಲಿ ಯಾರೋ ಬೇರು ಕೊಡುವವರು. ಅಂಗಡಿಗೆ ಬರುವವರು ಕೌಂಟರಿನ ಮೇಲೆ ಬಗ್ಗಿ, ಪಕ್ಕದವರಿಗೆ ಕೇಳದ ಹಾಗೆ, “ಅಣ್ಣಾ, ಪೈಲ್ಸ್ ಮುಲಾಮ್ ಕೊಡ್ರಿ” ಅನ್ನುತ್ತಾರೆ. ಯಾವ ಡಾಕ್ಟರ್ ಬರೆದರು ಅಂತ ಕೇಳಿದರೆ, “ಡಾಕ್ಟರ್ ಯಾಕ್ರೀ, ಹೋದ ವರ್ಷಾನೂ ಇದನ್ನೇ ಹಚ್ಚಿದ್ದೆ” ಅನ್ನುವವರೇ ಜಾಸ್ತಿ. ಅವರಲ್ಲಿ ಹೆಚ್ಚಿನವರಿಗೆ ಇರುವುದು ಮೂಲವ್ಯಾಧಿಯೇ ಇರಬಹುದು. ಆದರೆ ಮೂಲವ್ಯಾಧಿ ಇದ್ದವರಿಗೆ ಕ್ಯಾನ್ಸರ್ ಬರುವುದಿಲ್ಲ ಅಂತ ಯಾವ ನಿಯಮವೂ ಇಲ್ಲ. ಎರಡೂ ಒಟ್ಟಿಗೇ ಇರಬಹುದು. ಆಗ ಮುಲಾಮಿನಿಂದ ಒಂದು ಸ್ವಲ್ಪ ತಣ್ಣಗಾಗುತ್ತದೆ, ಇನ್ನೊಂದು ಬೆಳೆಯುತ್ತಾ ಹೋಗುತ್ತದೆ.

ಭಾರತದಲ್ಲಿ ಕರುಳಿನ ಕ್ಯಾನ್ಸರಿನ ಪ್ರಮಾಣ ಪಶ್ಚಿಮದ ದೇಶಗಳಿಗಿಂತ ಕಡಿಮೆ. ಅದು ನಿಜ. ಆದರೆ ನಮ್ಮಲ್ಲಿ ಈ ಕಾಯಿಲೆ ಬರುವವರಲ್ಲಿ ಕಡಿಮೆ ವಯಸ್ಸಿನವರ ಪಾಲು ದೊಡ್ಡದು, ಗುದನಾಳದ ಗಡ್ಡೆಗಳ ಪಾಲೂ ದೊಡ್ಡದು. ಬಹಳ ಜನ ತಡವಾಗಿ ಆಸ್ಪತ್ರೆಗೆ ಬರುತ್ತಾರೆ. ಗುದನಾಳದ ಗಡ್ಡೆಗಳಲ್ಲಿ ಎಷ್ಟೋ ಡಾಕ್ಟರ ಬೆರಳಿಗೇ ಸಿಗುವಷ್ಟು ಕೆಳಗಿರುತ್ತವೆ. ಗ್ಲೌಸ್ ಹಾಕಿಕೊಂಡು ಒಂದು ನಿಮಿಷ ಮುಟ್ಟಿ ನೋಡುವ ಪರೀಕ್ಷೆ ಅದು. ಅದಕ್ಕೆ ಮಿಷನ್ ಬೇಡ, ಹೆಚ್ಚು ದುಡ್ಡೂ ಬೇಡ. ಬೇಕಾದದ್ದು ಸಂಕೋಚ ಬಿಟ್ಟು ಹೇಳಿಕೊಳ್ಳುವ ಧೈರ್ಯ, ಮತ್ತು ಬರೇ ಮಾತು ಕೇಳಿ ಮಾತ್ರೆ ಬರೆಯದೆ ಮುಟ್ಟಿ ನೋಡುವ ಡಾಕ್ಟರ್. ಹೆಣ್ಣುಮಕ್ಕಳು ಲೇಡಿ ಡಾಕ್ಟರ್ ಬೇಕು ಅಂತ ಕೇಳಬಹುದು, ಅಥವಾ ನರ್ಸ್ ಪಕ್ಕದಲ್ಲಿ ಇರಲಿ ಅನ್ನಬಹುದು. ಅದು ನಿಮ್ಮ ಹಕ್ಕು. ತಾಯಂದಿರು, ಅಕ್ಕಂದಿರು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಕೂರುವುದನ್ನು ನೋಡಿದರೆ ನನಗೆ ಬಹಳ ಸಂಕಟವಾಗುತ್ತದೆ.

ರಕ್ತ ಮಾತ್ರ ಅಲ್ಲ. ಸಂಡಾಸಿನ ಅಭ್ಯಾಸ ಬದಲಾಗಿ ಕೆಲವು ವಾರ ಹಾಗೇ ಉಳಿದರೆ ತೋರಿಸಬೇಕು. ಹೋಗಿ ಬಂದರೂ ಇನ್ನೂ ಇದೆ ಅನಿಸುತ್ತಿದ್ದರೆ, ಸುಮ್ನೆ ತೂಕ ಇಳಿಯುತ್ತಿದ್ದರೆ, ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಂತಾದರೆ ಕೂಡ. ರಕ್ತಹೀನತೆಯ ಬಗ್ಗೆ ಬೇರೆಯಾಗಿ ಹೇಳಬೇಕು. ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣಾಂಶ ಕಡಿಮೆಯಾಗಿ ಹಿಮೋಗ್ಲೋಬಿನ್ ಇಳಿದಿದ್ದರೆ, ಆ ರಕ್ತ ಎಲ್ಲಿ ಹೋಯಿತು ಅಂತ ಹುಡುಕಲೇಬೇಕು. ಕರುಳಿನ ಬಲಭಾಗದ ಗಡ್ಡೆ ಕಣ್ಣಿಗೆ ಕಾಣದ ಹಾಗೆ ರಕ್ತ ಸೋರಿಸುತ್ತದೆ. ಮೊದಲು ಗೊತ್ತಾಗುವುದು ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ‘ವೀಕ್ನೆಸ್’ ಅಂತ ಟಾನಿಕ್ ಕುಡಿದು ಕೂತರೆ ಕಾರಣ ಒಳಗೇ ಉಳಿಯುತ್ತದೆ.

ಇಂಗ್ಲೆಂಡಿನಲ್ಲಿ 2023ರಿಂದ ಲಕ್ಷಣ ಇರುವವರಿಗೂ ಡಾಕ್ಟರುಗಳು ಮೊದಲು ಮಲ ಪರೀಕ್ಷೆ ಮಾಡಿಸುತ್ತಾರೆ. ಯಾರನ್ನು ಬೇಗ ಕಳಿಸಬೇಕು ಅಂತ ನಿರ್ಧರಿಸಲು ಅದು ನೆರವಾಗುತ್ತದೆ. ಆದರೆ ಅಲ್ಲಿ ಲ್ಯಾಬಿನ ಮಿಷನ್ ಅಂಕಿಯಲ್ಲಿ ಫಲಿತಾಂಶ ಕೊಡುತ್ತದೆ, ಪಾಸಿಟಿವ್ ಅನ್ನುವ ಗಡಿಯನ್ನು ಬಹಳ ಕೆಳಗೆ ಇಟ್ಟಿರುತ್ತಾರೆ, ನೆಗೆಟಿವ್ ಬಂದರೂ ಲಕ್ಷಣ ಉಳಿದರೆ ಡಾಕ್ಟರ್ ಮತ್ತೆ ನೋಡುತ್ತಾರೆ. ನಾವು ನಮ್ಮಷ್ಟಕ್ಕೆ ಒಂದು ಕಾರ್ಡ್ ಟೆಸ್ಟ್ ಮಾಡಿಸಿ, ನೆಗೆಟಿವ್ ಬಂತು ಅಂತ ರಕ್ತ ಹೋಗುವುದನ್ನು ಮರೆಯುವುದು ಅದಕ್ಕೆ ಸಮ ಅಲ್ಲ.

ಮಲ ಪರೀಕ್ಷೆಯಲ್ಲಿ ಎರಡು ಬಗೆ

ಈಗ ಯಾವ ತೊಂದರೆಯೂ ಇಲ್ಲದವರ ವಿಷಯ. ‘ಆಕಲ್ಟ್ ಬ್ಲಡ್’ ಅನ್ನುವ ಒಂದೇ ಸಾಲಿನ ಕೆಳಗೆ ಎರಡು ಬೇರೆ ಬೇರೆ ಪರೀಕ್ಷೆಗಳು ನಡೆಯುತ್ತವೆ. ಲ್ಯಾಬಿನ ಕೌಂಟರಿನಲ್ಲಿ ನೀವು ಕೇಳಬೇಕಾದ ಪ್ರಶ್ನೆ ಒಂದೇ: “ಇದು ಕೆಮಿಕಲ್ ಪದ್ಧತಿಯದೋ, ಫಿಟ್ ಪರೀಕ್ಷೆಯೋ?”

ಹಳೆಯದು ಕೆಮಿಕಲ್ ಪದ್ಧತಿಯ ಗ್ವಾಯಕ್ ಪರೀಕ್ಷೆ. ರಕ್ತದಲ್ಲಿರುವ ಹೀಮ್ ಅನ್ನುವ ಅಂಶ ಒಂದು ರಾಸಾಯನಿಕದ ಬಣ್ಣ ಬದಲಿಸುತ್ತದೆ, ಕಾಗದ ನೀಲಿಯಾಗುತ್ತದೆ. ಈ ಪರೀಕ್ಷೆಗೆ ಮರ್ಯಾದೆ ಕೊಡಲೇಬೇಕು, ಏಕೆಂದರೆ ಮಲ ಪರೀಕ್ಷೆ ಜೀವ ಉಳಿಸುತ್ತದೆ ಅಂತ ಸಾಬೀತಾದದ್ದು ಇದರಿಂದಲೇ. ಅಮೆರಿಕದ ಮಿನೆಸೋಟಾದಲ್ಲಿ 46,551 ಜನರ ಮೇಲೆ ನಡೆದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಂಡವರ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು 33 ಶೇಕಡಾ ಕಡಿಮೆಯಾಗಿತ್ತು.

ಆದರೆ ಇದಕ್ಕೆ ಪಥ್ಯ ಬೇಕು, ಮತ್ತು ಆ ಪಥ್ಯ ನಮ್ಮ ಊಟಕ್ಕೇ ಅಡ್ಡ ಬರುತ್ತದೆ. ಇದು ಮನುಷ್ಯರ ರಕ್ತ, ಮಟನ್ನಿನ ರಕ್ತ ಅಂತ ಭೇದ ಮಾಡುವುದಿಲ್ಲ. ಹಿಂದಿನ ದಿನ ಮಟನ್ ತಹರಿ ತಿಂದಿದ್ದರೆ ಸುಳ್ಳು ಪಾಸಿಟಿವ್ ಬರಬಹುದು. ಹಸಿ ಮೂಲಂಗಿಯಲ್ಲಿ ಇರುವ ಒಂದು ಅಂಶವೂ ಹಾಗೇ ಬಣ್ಣ ಬರಿಸಬಹುದು. ಜೋಳದ ರೊಟ್ಟಿ ಜೊತೆ ಹಸಿ ಮೂಲಂಗಿ ಕಚ್ಚಿಕೊಳ್ಳದ ಮನೆ ನಮ್ಮಲ್ಲಿ ಯಾವುದಿದೆ? ಇನ್ನು ವಿಟಮಿನ್ ಸಿ ಮಾತ್ರೆ ಜಾಸ್ತಿ ತಿಂದರೆ ಉಲ್ಟಾ ಆಗುತ್ತದೆ: ರಕ್ತ ಇದ್ದರೂ ಬಣ್ಣ ಬರುವುದಿಲ್ಲ. ಕೊರೊನಾ ಕಾಲದಿಂದ ಆ ಮಾತ್ರೆಯನ್ನು ಚಾಕಲೇಟಿನ ಹಾಗೆ ಚಪ್ಪರಿಸುವವರು ಇದನ್ನು ನೆನಪಿಡಬೇಕು. ಜೊತೆಗೆ, ಸಾಮಾನ್ಯವಾಗಿ ಮೂರು ಬಾರಿಯ ಮಲದ ಮಾದರಿ ಬೇಕು. ಒಂದೇ ದಿನ ಒಂದೇ ಡಬ್ಬಿ ಕೊಟ್ಟು ಬಂದರೆ ಆ ನೆಗೆಟಿವ್‌ಗೆ ಬೆಲೆ ಬಹಳ ಕಡಿಮೆ.

ಹೊಸದು ಫಿಟ್ (FIT, ಫೀಕಲ್ ಇಮ್ಯುನೋಕೆಮಿಕಲ್ ಟೆಸ್ಟ್). ಇದು ಮನುಷ್ಯರ ಹಿಮೋಗ್ಲೋಬಿನ್ನಿನ ಗ್ಲೋಬಿನ್ ಅನ್ನುವ ಭಾಗವನ್ನೇ ಹುಡುಕುತ್ತದೆ. ಮಟನ್ ತಿನ್ನಿ, ಮೂಲಂಗಿ ತಿನ್ನಿ, ತೊಂದರೆ ಇಲ್ಲ. ಜಠರದಿಂದ ಅಥವಾ ವಸಡಿನಿಂದ ಬಂದ ರಕ್ತದ ಗ್ಲೋಬಿನ್ ಕೆಳಗೆ ಇಳಿಯುವಷ್ಟರಲ್ಲಿ ಜೀರ್ಣವಾಗಿರುತ್ತದೆ. ಹಾಗಾಗಿ ಫಿಟ್ ಪಾಸಿಟಿವ್ ಅಂದರೆ ರಕ್ತ ಹೆಚ್ಚಾಗಿ ದೊಡ್ಡ ಕರುಳಿನದೇ. ಸಾಮಾನ್ಯವಾಗಿ ಒಂದೇ ಮಾದರಿ ಸಾಕು. ಇಂಗ್ಲೆಂಡ್ 2019ರಲ್ಲಿ ಹಳೆ ಪರೀಕ್ಷೆ ಬಿಟ್ಟು ಇದಕ್ಕೆ ಬಂತು. ಪಥ್ಯ ಇಲ್ಲ, ಮಾದರಿ ಒಂದೇ ಅಂದಾಗ ಮಾಡಿಸುವವರ ಸಂಖ್ಯೆಯೂ ಅಲ್ಲಿ ಏರಿತು.

ಎರಡರಲ್ಲಿ ಯಾವುದು ಅಂದರೆ ನನ್ನ ಉತ್ತರ ಫಿಟ್. ಇದರಲ್ಲಿ ಅನುಮಾನ ಇಲ್ಲ.

ಫಿಟ್‌ನಲ್ಲೂ ಎರಡು ರೂಪ ಇದೆ. ಒಂದು ಕಾರ್ಡ್: ಗರ್ಭ ಪರೀಕ್ಷೆಯ ಕಾರ್ಡಿನ ಹಾಗೆ ಗೆರೆ ಬಂದರೆ ಪಾಸಿಟಿವ್. ಸಣ್ಣ ಲ್ಯಾಬುಗಳಲ್ಲಿ ಮಾಡಲು ಸುಲಭ ಇದೇ. ಇನ್ನೊಂದರಲ್ಲಿ ಮಿಷನ್ ಅಂಕಿ ಕೊಡುತ್ತದೆ. ಅಂಕಿ ಬರುವುದು ಒಳ್ಳೆಯದು, ಯಾಕೆಂದರೆ ಮಸುಕು ಗೆರೆಯನ್ನು ಯಾರು ಹೇಗೆ ಓದಿದರು ಅನ್ನುವ ಗೊಂದಲ ಇರುವುದಿಲ್ಲ. ದೊಡ್ಡ ಲ್ಯಾಬುಗಳ ಕಲೆಕ್ಷನ್ ಸೆಂಟರಿನಲ್ಲಿ ಇದನ್ನು ಕೇಳಿ ನೋಡಿ. ಮಾದರಿಯನ್ನು ಹೈದರಾಬಾದಿಗೋ ಬೆಂಗಳೂರಿಗೋ ಕಳಿಸುತ್ತಾರಾ, ಎಷ್ಟು ಹೊತ್ತಿನಲ್ಲಿ ಮುಟ್ಟುತ್ತದೆ ಅಂತಲೂ ಕೇಳಿ. ರಿಪೋರ್ಟಿನಲ್ಲಿ ಅಳತೆ ಎರಡು ರೀತಿ ಇರಬಹುದು: ಒಂದು ಗ್ರಾಂ ಮಲಕ್ಕೆ ಎಷ್ಟು ಮೈಕ್ರೋಗ್ರಾಂ, ಅಥವಾ ಒಂದು ಮಿಲಿಲೀಟರ್ ದ್ರವಕ್ಕೆ ಎಷ್ಟು ನ್ಯಾನೋಗ್ರಾಂ. ಒಂದು ಹೆಸರಾಂತ ಜಪಾನಿ ಮಿಷನ್ನಿನಲ್ಲಿ 100 ನ್ಯಾನೋಗ್ರಾಂ ಅಂದರೆ ಇನ್ನೊಂದು ಲೆಕ್ಕದಲ್ಲಿ 20 ಮೈಕ್ರೋಗ್ರಾಂ. ಪಕ್ಕದ ಮನೆಯವರ ಅಂಕಿಗೆ ನಿಮ್ಮ ಅಂಕಿ ಹೋಲಿಸಿ ಹೆದರಬೇಡಿ, ಸಮಾಧಾನವೂ ಪಡಬೇಡಿ.

ನಮ್ಮ ಬಿಸಿಲು ಮತ್ತು ಮಾದರಿ

ಇದು ಬೇರೆ ಊರಿನವರ ಮಾರ್ಗದರ್ಶಿಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಕಲಬುರಗಿ, ಯಾದಗಿರಿಯವರಿಗೆ ಒಂದು ಸಾಲು ಸಾಲದು.

ಹಿಮೋಗ್ಲೋಬಿನ್ ಬಿಸಿಗೆ ಕೆಡುತ್ತದೆ. ಕೆಟ್ಟರೆ ಫಿಟ್‌ಗೆ ಅದು ಕಾಣುವುದಿಲ್ಲ. ರಕ್ತ ಇದ್ದರೂ ನೆಗೆಟಿವ್ ಬರುತ್ತದೆ. ಇಟಲಿಯಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಪಾಸಿಟಿವ್ ಪ್ರಮಾಣ ಇಳಿದದ್ದನ್ನು ಸಂಶೋಧಕರು ಗಮನಿಸಿದ್ದಾರೆ. ಇಟಲಿಯ ಬೇಸಿಗೆಗೇ ಹಾಗಾದರೆ, ಏಪ್ರಿಲ್-ಮೇನಲ್ಲಿ 42-43 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟ ಡಬ್ಬಿಯ ಗತಿ ಏನು? ಅಫಜಲಪುರದಿಂದಲೋ ಸುರಪುರದಿಂದಲೋ ಬಸ್ಸಿನ ಕಿಟಕಿ ಪಕ್ಕ ಇಟ್ಟುಕೊಂಡು ತಂದ ಮಾದರಿಯನ್ನು ನಂಬುವುದು ಕಷ್ಟ.

ಹಾಗಾಗಿ ನನ್ನ ಸಲಹೆ: ತುರ್ತು ಏನೂ ಇಲ್ಲದವರು ಈ ಪರೀಕ್ಷೆಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ತೊಗರಿ ರಾಶಿ ಮುಗಿದ ಮೇಲೆ, ಜನವರಿಯ ಹೊತ್ತಿಗೆ, ರೈತರ ಕೈಗೆ ಸ್ವಲ್ಪ ಬಿಡುವೂ ಇರುತ್ತದೆ, ದುಡ್ಡೂ ಇರುತ್ತದೆ. ಪ್ರತಿ ವರ್ಷ ಅದೇ ತಿಂಗಳು ಅಂತ ಗೊತ್ತು ಮಾಡಿಕೊಂಡರೆ ಮರೆಯುವುದೂ ಇಲ್ಲ.

ಲ್ಯಾಬಿನವರು ಕೊಡುವುದು ಬರೇ ಖಾಲಿ ಡಬ್ಬಿಯೋ, ಒಳಗೆ ದ್ರವ ಇರುವ ಚಿಕ್ಕ ಟ್ಯೂಬೋ ನೋಡಿ. ದ್ರವದ ಟ್ಯೂಬ್ ಉತ್ತಮ; ಅದರಲ್ಲಿ ರಕ್ತದ ಅಂಶ ಹೆಚ್ಚು ಹೊತ್ತು ಉಳಿಯುತ್ತದೆ. ಖಾಲಿ ಡಬ್ಬಿಯಾದರೆ ಬೆಳಿಗ್ಗೆ ತೆಗೆದದ್ದನ್ನು ಅಂದೇ ಬೆಳಿಗ್ಗೆ, ಬಿಸಿಲೇರುವ ಮೊದಲು ಮುಟ್ಟಿಸಿ. ಟ್ಯೂಬನ್ನು ಇಟ್ಟುಕೊಳ್ಳಲೇಬೇಕಾದರೆ ಫ್ರಿಜ್ಜಿನಲ್ಲಿ, ಒಂದು ಕವರಿನೊಳಗೆ ಕಟ್ಟಿ ಇಡಿ. ಫ್ರೀಜರಿನಲ್ಲಿ ಬೇಡ.

ಮಾದರಿ ತೆಗೆಯುವುದು ಕಷ್ಟದ ಕೆಲಸ ಅಲ್ಲ. ಸಂಡಾಸಿನ ನೀರು, ಮೂತ್ರ, ಫಿನೈಲು ಯಾವುದೂ ತಾಗಬಾರದು. ಪೇಪರ್ ಹಾಸಿ, ಅಥವಾ ಒಣಗಿದ ಅಗಲ ಬಾಯಿಯ ಬಿಸಾಡುವ ಡಬ್ಬಿ ಹಿಡಿದು, ಅದರ ಮೇಲೆ ಬಿದ್ದದ್ದನ್ನು ತೆಗೆದುಕೊಳ್ಳಿ. ಟ್ಯೂಬಿನ ಕಡ್ಡಿಯ ತುದಿಯಲ್ಲಿ ಸಣ್ಣ ಗೀರುಗಳಿರುತ್ತವೆ. ನಾಲ್ಕಾರು ಕಡೆ ಕೆರೆದು ಆ ಗೀರು ತುಂಬಿದರೆ ಸಾಕು. ಜಾಸ್ತಿ ತುಂಬಿದರೆ ಫಲಿತಾಂಶ ಕೆಡುತ್ತದೆ. ಹೆಸರು, ತಾರೀಖು ಬರೆಯಿರಿ. ಮುಟ್ಟಿನ ದಿನಗಳಲ್ಲಿ, ಆಮಶಂಕೆ ಅಥವಾ ಜುಲಾಬು ಹತ್ತಿದಾಗ ಮಾಡಿಸಬೇಡಿ.

ಫಿಟ್ ಮತ್ತು ಕೊಲೊನೋಸ್ಕೋಪಿ

ನಿಜವಾದ ಆಯ್ಕೆ ಇರುವುದು ಇವೆರಡರ ನಡುವೆ.

ಕೊಲೊನೋಸ್ಕೋಪಿ ಅಂದರೆ ಗುದದ್ವಾರದಿಂದ ಉದ್ದನೆಯ, ಬಾಗುವ ಕ್ಯಾಮೆರಾ ಒಳಗೆ ಬಿಟ್ಟು ದೊಡ್ಡ ಕರುಳನ್ನು ಪೂರ್ತಿ ನೋಡುವುದು. ಇದರ ಬಲ ಎಲ್ಲಿದೆ ಅಂದರೆ, ಹೆಚ್ಚಿನ ಕರುಳಿನ ಕ್ಯಾನ್ಸರ್ ಶುರುವಾಗುವುದು ಪಾಲಿಪ್ ಅನ್ನುವ ಸಣ್ಣ ಗಂಟಿನಿಂದ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಕೊಲೊನೋಸ್ಕೋಪಿಯಲ್ಲಿ ಪಾಲಿಪ್ ಕಂಡರೆ ಅಲ್ಲೇ ತೆಗೆದುಬಿಡಬಹುದು. ಅಂದರೆ ಕ್ಯಾನ್ಸರ್ ಪತ್ತೆ ಮಾತ್ರ ಅಲ್ಲ, ತಡೆಯುವ ಕೆಲಸವೂ ಆಯಿತು. ಎಲ್ಲ ಚೊಕ್ಕ ಇದ್ದರೆ, ಮನೆತನದಲ್ಲಿ ಈ ಕಾಯಿಲೆ ಇಲ್ಲದವರಿಗೆ ಮುಂದಿನದು 10 ವರ್ಷಕ್ಕೆ.

ಫಿಟ್ ಇಲ್ಲಿ ಸೋಲುತ್ತದೆ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಫಿಟ್ ಒಂದು ಸಲಕ್ಕೆ ಕ್ಯಾನ್ಸರಿನಲ್ಲಿ 74 ಶೇಕಡಾ ಹಿಡಿಯಿತು. ಅಂದರೆ ನಾಲ್ಕರಲ್ಲಿ ಒಂದು ತಪ್ಪಿತು. ಮುಂದೆ ಕ್ಯಾನ್ಸರ್ ಆಗಬಹುದಾದ ದೊಡ್ಡ ಪಾಲಿಪ್‌ಗಳಲ್ಲಿ ಹಿಡಿದದ್ದು ಸುಮಾರು 24 ಶೇಕಡಾ ಮಾತ್ರ. ಪಾಲಿಪ್ ದಿನಾ ರಕ್ತ ಸೋರಿಸುವುದಿಲ್ಲವಲ್ಲ, ಅದಕ್ಕೇ. ಹಾಗಾಗಿ ಫಿಟ್‌ನ ಶಕ್ತಿ ಒಂದು ಸಲದಲ್ಲಿ ಇಲ್ಲ. ವರ್ಷ ವರ್ಷ ಮಾಡಿಸುವುದರಲ್ಲಿ ಇದೆ. ಈ ಸಲ ತಪ್ಪಿದ್ದು ಮುಂದಿನ ಸಲ ಸಿಗಬಹುದು. ಒಮ್ಮೆ ಮಾಡಿಸಿ ನೆಗೆಟಿವ್ ರಿಪೋರ್ಟನ್ನು ಬೀರುವಿನಲ್ಲಿ ಇಟ್ಟು ಹತ್ತು ವರ್ಷ ನೆಮ್ಮದಿಯಾಗಿರುವುದು ಫಿಟ್‌ನ ದಾರಿ ಅಲ್ಲ.

ಆದರೆ ಕೊಲೊನೋಸ್ಕೋಪಿಯ ದಾರಿಯಲ್ಲಿ ಬೇರೆ ತೊಡಕುಗಳಿವೆ. ಎರಡು ಮೂರು ದಿನ ಮುಂಚಿನಿಂದ ನಾರು ಇರುವ ಊಟ ಬಿಡಬೇಕು. ನಮ್ಮವರಿಗೆ ಇದರರ್ಥ ಜೋಳದ ರೊಟ್ಟಿ ಇಲ್ಲ, ಪುಂಡಿಪಲ್ಯ ಇಲ್ಲ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇಲ್ಲ. ಬಿಳಿ ಅನ್ನ, ತಿಳಿ ಸಾರು, ಮಜ್ಜಿಗೆ, ಇಡ್ಲಿ. ಹಿಂದಿನ ದಿನ ಬರೇ ತಿಳಿಯಾದ ನೀರಿನಂಥ ಪದಾರ್ಥ. ಆಮೇಲೆ ಲೀಟರ್‌ಗಟ್ಟಲೆ ಜುಲಾಬಿನ ಪುಡಿ ಕಲಸಿದ ನೀರು. ಸಂಡಾಸು ತಿಳಿನೀರಾಗುವ ತನಕ ಹೋಗುತ್ತಲೇ ಇರಬೇಕು. ಮನೆಯಲ್ಲೇ ಶೌಚಾಲಯ ಇಲ್ಲದವರಿಗೆ, ಅದರಲ್ಲೂ ಹೆಂಗಸರಿಗೆ ಇದು ಸಣ್ಣ ಮಾತಲ್ಲ. ಅಂಥವರು ಹಿಂದಿನ ದಿನವೇ ಆಸ್ಪತ್ರೆಗೆ ಸೇರಿಸಿಕೊಂಡು ತಯಾರಿ ಮಾಡಿಸುತ್ತೀರಾ ಅಂತ ಕೇಳಲಿ. ಕರುಳು ಚೊಕ್ಕ ಆಗದಿದ್ದರೆ ಡಾಕ್ಟರ್ ಎಷ್ಟೇ ಹುಷಾರಿದ್ದರೂ ಪಾಲಿಪ್ ತಪ್ಪಿಹೋಗುತ್ತದೆ. ಆದ್ದರಿಂದ ‘ಅರ್ಧ ಕುಡಿದೆ, ಸಾಕು’ ಅನ್ನಬೇಡಿ.

ಕಬ್ಬಿಣದ ಮಾತ್ರೆಯನ್ನು ಸುಮಾರು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಮಾತ್ರೆ ಬಿಡುವುದು ಅಪಾಯ. ಮಂಪರಿನ ಇಂಜೆಕ್ಷನ್ ಕೊಡುವುದರಿಂದ ಜೊತೆಗೆ ಒಬ್ಬರು ಬೇಕು, ಆ ದಿನ ಗಾಡಿ ಓಡಿಸಬಾರದು. ಕೂಲಿಯವರಿಗೆ ಎರಡು ದಿನದ ಕೂಲಿ ಹೋಯಿತು, ಜೊತೆ ಬಂದವರದು ಒಂದು ದಿನ. ಖರ್ಚಿನ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕು. ಮಲ ಪರೀಕ್ಷೆ ನೂರರ ಲೆಕ್ಕದ ಖರ್ಚು, ಖಾಸಗಿಯಲ್ಲಿ ಕೊಲೊನೋಸ್ಕೋಪಿ ಸಾವಿರಗಳ ಲೆಕ್ಕ.

ಅಪಾಯದ ಬಗ್ಗೆಯೂ ಹೇಳುತ್ತೇನೆ. ಕರುಳಿಗೆ ತೂತಾಗುವುದು ಸಾವಿರದಲ್ಲಿ ಒಬ್ಬರಿಗಿಂತ ಕಡಿಮೆ. ಹೆಚ್ಚು ರಕ್ತ ಹೋಗುವುದು ಸಾವಿರಕ್ಕೆ ಒಬ್ಬಿಬ್ಬರಿಗೆ, ಅದೂ ಹೆಚ್ಚಾಗಿ ಪಾಲಿಪ್ ತೆಗೆದಾಗ. ಕಾಯಿಲೆಯ ಸುಳಿವಿದ್ದಾಗ, ನೋಡದೆ ಬಿಡುವುದರ ಮುಂದೆ ಈ ಅಪಾಯ ತೀರಾ ಸಣ್ಣದು. ಏನೂ ಇಲ್ಲದ 45ರ ಮನುಷ್ಯ ಮೊದಲ ಹೆಜ್ಜೆಯಾಗಿ ಇದನ್ನೇ ಆರಿಸಬೇಕಾ ಅನ್ನುವುದು ಅವರವರು ಯೋಚಿಸುವ ವಿಷಯ.

ನನ್ನ ಅಭಿಪ್ರಾಯ ಹೇಳಲಾ? ನಮ್ಮ ಭಾಗದ ಹೆಚ್ಚಿನ ಜನರಿಗೆ ವರ್ಷಕ್ಕೊಂದು ಫಿಟ್ ಒಳ್ಳೆಯ ಆಯ್ಕೆ. ಸ್ಪೇನಿನಲ್ಲಿ ಎರಡನ್ನೂ ಎದುರುಬದುರು ಇಟ್ಟು ನೋಡಿದ ದೊಡ್ಡ ಅಧ್ಯಯನ ಇದೆ. ಅಲ್ಲಿ ಫಿಟ್ ಎರಡು ವರ್ಷಕ್ಕೊಮ್ಮೆ ಮಾತ್ರ. ಆದರೂ ಕೊಲೊನೋಸ್ಕೋಪಿಗೆ ಕರೆದರೆ ಬಂದವರಿಗಿಂತ ಫಿಟ್‌ಗೆ ಕರೆದರೆ ಬಂದವರೇ ಜಾಸ್ತಿ. 10 ವರ್ಷದ ಕೊನೆಯಲ್ಲಿ ಈ ಕ್ಯಾನ್ಸರಿನ ಸಾವಿನ ವಿಷಯದಲ್ಲಿ ಫಿಟ್ ಹಿಂದೆ ಬೀಳಲಿಲ್ಲ ಅಂತ 2025ರಲ್ಲಿ ಪ್ರಕಟವಾಯಿತು. ಜನ ಮಾಡಿಸದ ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಆದರೆ ಇದಕ್ಕೆ ಒಂದು ಕರಾರು ಇದೆ: ಫಿಟ್ ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳುತ್ತೇನೆ ಅಂತ ಮೊದಲೇ ಮನಸ್ಸು ಮಾಡಿರಬೇಕು. ಅದಕ್ಕೆ ಒಪ್ಪದವರು ಫಿಟ್ ಮಾಡಿಸುವುದೇ ಬೇಡ. ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ. ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಸಿಗುವುದು ಪಾಲಿಪ್, ಮೂಲವ್ಯಾಧಿ, ಕರುಳಿನ ಉರಿಯೂತ, ಕೆಲವರಿಗೆ ಏನೂ ಇಲ್ಲ. ಆದರೆ ಒಳಗೆ ನೋಡದೆ ಯಾರಿಗೆ ಏನು ಅಂತ ಹೇಳಲಾಗುವುದಿಲ್ಲ. ‘ಇನ್ನೊಂದು ಲ್ಯಾಬಿನಲ್ಲಿ ಮಾಡಿಸೋಣ’ ಅಂತ ಮತ್ತೆ ಫಿಟ್ ಮಾಡಿಸಬೇಡಿ. ಎರಡನೆಯದು ನೆಗೆಟಿವ್ ಬಂದರೂ ಮೊದಲನೆಯ ಪಾಸಿಟಿವ್ ಅಳಿಯುವುದಿಲ್ಲ. ಆ ದಿನ ರಕ್ತ ಸೋರಿರಲಿಕ್ಕಿಲ್ಲ ಅಷ್ಟೇ. ಒಂದೆರಡು ತಿಂಗಳೊಳಗೆ ಕೊಲೊನೋಸ್ಕೋಪಿ ಆಗಲಿ. ಹತ್ತು ತಿಂಗಳು ದಾಟಿ ತಡ ಮಾಡಿದವರಲ್ಲಿ ಕ್ಯಾನ್ಸರ್ ಮುಂದುವರಿದ ಹಂತದಲ್ಲಿ ಸಿಕ್ಕಿದ್ದು ಹೆಚ್ಚು ಅಂತ ಅಮೆರಿಕದ ಅಧ್ಯಯನ ತೋರಿಸಿದೆ.

ಉಳಿದ ಆಯ್ಕೆಗಳು

ಸಿಗ್ಮಾಯ್ಡೋಸ್ಕೋಪಿ: ಕರುಳಿನ ಕೊನೆಯ ಎಡಭಾಗವನ್ನಷ್ಟೇ ನೋಡುತ್ತದೆ. ಎನಿಮಾ ಕೊಟ್ಟರೆ ಸಾಕು, ತಯಾರಿ ಸುಲಭ. ಕೆಂಪು ರಕ್ತ ಹೋಗುವ ಕಡಿಮೆ ವಯಸ್ಸಿನವರಿಗೆ ಡಾಕ್ಟರ್ ಮೊದಲು ಇದನ್ನು ಹೇಳಬಹುದು. ಬಲಭಾಗ ಇದಕ್ಕೆ ಕಾಣುವುದಿಲ್ಲ.

ಸಿಟಿ ಕೊಲೊನೋಗ್ರಫಿ: ಸ್ಕ್ಯಾನಿನಲ್ಲಿ ಕರುಳು ನೋಡುವುದು. ಇದಕ್ಕೂ ಹೊಟ್ಟೆ ಖಾಲಿ ಮಾಡಬೇಕು, ಏನಾದರೂ ಕಂಡರೆ ಮತ್ತೆ ಕೊಲೊನೋಸ್ಕೋಪಿಯೇ ಬೇಕು. ಕ್ಯಾಮೆರಾ ಪೂರ್ತಿ ಒಳಗೆ ಹೋಗದವರಿಗೆ ಉಪಯೋಗ.

ಮಲದ ಡಿಎನ್‌ಎ ಪರೀಕ್ಷೆ ಅಮೆರಿಕದಲ್ಲಿ 2014ರಿಂದ ಇದೆ. ರಕ್ತ ತೆಗೆದು ನೋಡುವ ಒಂದು ಡಿಎನ್‌ಎ ಪರೀಕ್ಷೆಗೂ ಅಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು. ರಕ್ತದ್ದು ಪಾಲಿಪ್ ಹಿಡಿಯುವುದರಲ್ಲಿ ಬಹಳ ಹಿಂದೆ. ನಮ್ಮ ಜಿಲ್ಲೆಯವರು ಇವಕ್ಕಾಗಿ ಕಾಯಬೇಕಾಗಿಲ್ಲ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಫುಲ್ ಬಾಡಿ ಚೆಕಪ್ ಪ್ಯಾಕೇಜುಗಳಲ್ಲಿ ‘ಕ್ಯಾನ್ಸರ್ ಮಾರ್ಕರ್’ ಅಂತ ಸಿಇಎ ಅನ್ನುವ ರಕ್ತ ಪರೀಕ್ಷೆ ಸೇರಿಸಿರುತ್ತಾರೆ. ಆರೋಗ್ಯವಾಗಿರುವವರಲ್ಲಿ ಕ್ಯಾನ್ಸರ್ ಹುಡುಕಲು ಅದು ತಕ್ಕ ಪರೀಕ್ಷೆ ಅಲ್ಲ. ಶುರುವಿನ ಕ್ಯಾನ್ಸರಿನಲ್ಲಿ ಅದು ನಾರ್ಮಲ್ ಇರಬಹುದು. ಬೀಡಿ ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಬಹುದು. ಕ್ಯಾನ್ಸರ್ ಅಂತ ಗೊತ್ತಾದವರ ಚಿಕಿತ್ಸೆಯ ಮೇಲೆ ಕಣ್ಣಿಡಲು ಅದು ಬೇಕು. ಆ ದುಡ್ಡಿಗೆ ಫಿಟ್ ಮಾಡಿಸಿ.

ಯಾರಿಗೆ ಯಾವುದು

ಅಪ್ಪ, ಅವ್ವ, ಅಣ್ಣ, ತಮ್ಮ, ಅಕ್ಕ, ತಂಗಿ ಇವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಫಿಟ್ ಬಿಟ್ಟು ನೇರ ಕೊಲೊನೋಸ್ಕೋಪಿಯ ಮಾತಾಡಿ. ಸಾಮಾನ್ಯ ಲೆಕ್ಕ ಹೀಗೆ: 40ನೇ ವಯಸ್ಸಿಗೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಅದು. ಅಣ್ಣನಿಗೆ 44ಕ್ಕೆ ಬಂದಿದ್ದರೆ ತಮ್ಮ 34ಕ್ಕೇ ತೋರಿಸಬೇಕು. ಮನೆತನದಲ್ಲಿ ಯಾರು ಯಾವ ಕಾಯಿಲೆಯಿಂದ ಹೋದರು ಅಂತ ಹಿರಿಯರನ್ನು ಕೂರಿಸಿ ಕೇಳಿ. ‘ಹೊಟ್ಟೆ ಬೇನೆಯಿಂದ ಹೋದ್ರು’ ಅನ್ನುವ ಉತ್ತರದ ಹಿಂದೆ ಏನಿತ್ತು ಅಂತ ಇನ್ನೂ ಸ್ವಲ್ಪ ಕೆದಕಿ. ಹಳೆ ಆಸ್ಪತ್ರೆ ಕಾಗದ ಸಿಕ್ಕರೆ ಎತ್ತಿಡಿ. ಮೊದಲೇ ಪಾಲಿಪ್ ತೆಗೆಸಿಕೊಂಡವರು, ಕರುಳಿನ ಉರಿಯೂತ ಬಹಳ ವರ್ಷದಿಂದ ಇರುವವರು ಕೂಡ ಈ ಗುಂಪಿಗೇ ಸೇರುತ್ತಾರೆ.

ಮನೆತನದಲ್ಲಿ ಏನೂ ಇಲ್ಲ, ಲಕ್ಷಣವೂ ಇಲ್ಲ ಅಂದರೆ ಯಾವಾಗ ಶುರು ಮಾಡಬೇಕು? ಅಮೆರಿಕದವರು 2021ರಲ್ಲಿ 50ನ್ನು 45ಕ್ಕೆ ಇಳಿಸಿದರು. ನಮ್ಮಲ್ಲಿ ಪ್ರಮಾಣ ಅಷ್ಟಿಲ್ಲದ ಕಾರಣ 45ಕ್ಕೇ ಓಡಬೇಕು ಅಂತ ನಾನು ಹೇಳುವುದಿಲ್ಲ. 50 ದಾಟಿದವರು ಮಾತ್ರ ತಪ್ಪಿಸಬೇಡಿ. 75ರ ಮೇಲೆ ಮೈಯ ಒಟ್ಟು ಸ್ಥಿತಿ ನೋಡಿ ಡಾಕ್ಟರ್ ಜೊತೆ ಮಾತಾಡಿ ನಿರ್ಧರಿಸಿ. ಹಾಸಿಗೆ ಹಿಡಿದ ಮುತ್ಯಾನಿಗೆ ಜುಲಾಬಿನ ನೀರು ಕುಡಿಸುವುದು ಸರಿಯಲ್ಲ.

ಎಲ್ಲಿ, ಯಾರ ಖರ್ಚಿನಲ್ಲಿ

ಕಲಬುರಗಿಯಲ್ಲಿ ಸರ್ಕಾರಿ ಆಸ್ಪತ್ರೆ ಜಿಮ್ಸ್ ಇದೆ, ಬಸವೇಶ್ವರ ಆಸ್ಪತ್ರೆ ಇದೆ, ಕೆಬಿಎನ್ ಆಸ್ಪತ್ರೆ ಇದೆ, ಸೇಡಂ ರಸ್ತೆಯಲ್ಲಿ ಇಎಸ್‌ಐಸಿ ಮೆಡಿಕಲ್ ಕಾಲೇಜು ಇದೆ. ಸರ್ಕಾರಿ ಆಸ್ಪತ್ರೆ ಅಂದರೆ ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಮೊದಲು ಸರ್ಜರಿ ಅಥವಾ ಮೆಡಿಸಿನ್ ವಿಭಾಗದ ಓಪಿಡಿಗೆ ಹೋಗಿ. ಕೊಲೊನೋಸ್ಕೋಪಿ ಅಲ್ಲೇ ಯಾವ ದಿನ ಆಗುತ್ತದೆ, ಬೇರೆ ಕಡೆ ಬರೆದು ಕೊಡುತ್ತಾರಾ ಅಂತ ಅಲ್ಲೇ ಕೇಳಿ. ಸಿಮೆಂಟ್ ಕಾರ್ಖಾನೆಯಲ್ಲೋ ಬೇರೆ ಕಡೆಯೋ ದುಡಿಯುವ, ಇಎಸ್‌ಐ ಕಾರ್ಡ್ ಇರುವವರು ಆ ಕಾರ್ಡಿನ ಮೇಲೆ ಮನೆಯವರನ್ನೂ ತೋರಿಸಬಹುದು ಅನ್ನುವುದನ್ನು ಮರೆಯಬೇಡಿ. ಕ್ಯಾನ್ಸರ್ ಅಂತ ಖಾತ್ರಿಯಾದರೆ ಕಿದ್ವಾಯಿ ಸಂಸ್ಥೆಯ ಶಾಖೆ ನಮ್ಮ ಊರಲ್ಲೇ ಇದೆ. ಮೊದಲ ದಿನವೇ ಹೈದರಾಬಾದ್, ಸೊಲ್ಲಾಪುರದ ಬಸ್ ಹತ್ತುವ ಮೊದಲು ಇಲ್ಲಿ ಒಂದು ಮಾತು ಕೇಳಿ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜಿನ 30 ಶೇಕಡಾ, ವರ್ಷಕ್ಕೆ 1.5 ಲಕ್ಷದವರೆಗೆ. ಆಪರೇಷನ್, ಕಿಮೋ ಬೇಕಾದಾಗ ಇದು ಕೈಹಿಡಿಯುತ್ತದೆ. ಖಾಸಗಿ ಆಸ್ಪತ್ರೆಗೆ ಈ ಯೋಜನೆಯಲ್ಲಿ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಅದನ್ನು ಮಾಡಿಸದೆ ನೇರ ಅಡ್ಮಿಟ್ ಆಗಿ ಆಮೇಲೆ ಬಿಲ್ಲಿಗೆ ಪರದಾಡುವವರು ಬಹಳ. ರೇಷನ್ ಕಾರ್ಡ್, ಆಧಾರ್, ಫಿಟ್ ರಿಪೋರ್ಟ್, ಕೊಲೊನೋಸ್ಕೋಪಿಯ ಫೋಟೋ ಇರುವ ಕಾಗದ, ಕರುಳಿನ ತುಣುಕು ತೆಗೆದು ಪರೀಕ್ಷೆಗೆ (ಬಯಾಪ್ಸಿ) ಕಳಿಸಿದ್ದರೆ ಅದರ ರಿಪೋರ್ಟ್, ಇಷ್ಟನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಹೋಗಿ. ತುಣುಕಿನ ರಿಪೋರ್ಟ್ ಬರಲು ಕೆಲವು ದಿನ ಬೇಕು. ಅದನ್ನು ತರಲು ಯಾರು ಹೋಗುತ್ತಾರೆ ಅಂತ ಆಸ್ಪತ್ರೆ ಬಿಡುವ ಮೊದಲೇ ಮನೆಯಲ್ಲಿ ಗೊತ್ತು ಮಾಡಿಕೊಳ್ಳಿ.